ಮೈಕಣ್ಣನ ಎರಡನೆಯ ಗುಂಡು

ಅವರ ಅಂಗಡಿಗೆ ಬೋರ್ಡು ಇರಲಿಲ್ಲ. ಬಾಗಿಲ ಮೇಲೆ ಹಳೆಯದೊಂದು ಹಾರ್ನ್ ಸ್ಪೀಕರ್ ರಸ್ತೆಯ ಕಡೆ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಅದರೊಳಗೆ ಗುಬ್ಬಿಗಳು ಸಂಸಾರ ಹೂಡಿದ್ದವು. ಮದುವೆಗೆ ಮೈಕ್‌ಸೆಟ್ ಬೇಕೆಂದು ಬಂದವರು ಅದನ್ನು ತೋರಿಸಿ, 'ಅದೂ ಕೊಡಿ' ಎಂದರೆ, 'ಅದು ಬಾಡಿಗೆಗೆ ಹೋಗಿ ಆತ್. ಪಾರ್ಟಿ ಒಳಗೇ ಉಟ್ಟು' ಎನ್ನುತ್ತಿದ್ದರು, ಬಾಡಿಗೆಯವರು ಒಳಗೇ ಇದ್ದಾರೆ ಎಂದು.

ಊರಿಗೆಲ್ಲ ಅವರು ಮೈಕಣ್ಣ. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣ ಉಂಟು, ಕೊನೆಯಲ್ಲಿ ಗೊತ್ತಾಗುತ್ತದೆ.

ನಮ್ಮ ಊರು ಮಡಿಕೇರಿಯಿಂದ ಏಳೆಂಟು ಮೈಲಿ ಪಡುವಣಕ್ಕೆ, ಇಳಿಜಾರಿನಲ್ಲಿದೆ. ನಡುವೆ ಗದ್ದೆಬಯಲು, ಸುತ್ತ ಕಾಫಿತೋಟ, ತೋಟದ ಅಂಚಿನಲ್ಲಿ ಗದ್ದೆಗೆ ಮುಖ ಮಾಡಿದ ಮನೆಗಳು. ಒಂದು ಮನೆಯಲ್ಲಿ ಅರೆಭಾಷೆ, ಮುಂದಿನ ಮನೆಯಲ್ಲಿ ಕೊಡವ ತಕ್ಕ್, ರಸ್ತೆಯ ಅಂಗಡಿಯಲ್ಲಿ ಮಲಯಾಳ. ಜಗಳ ಆಡುವಾಗ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು, ಎದುರಿನವನಿಗೆ ಅರ್ಥವಾಗಲಿ ಎಂದು. ಮೈಕಣ್ಣನ ಮನೆಮಾತು ಅರೆಭಾಷೆ. ಯುದ್ಧಕಾಲದಲ್ಲಿ ಸೈನ್ಯದಲ್ಲಿ ತಂತಿ ಎಳೆಯುವ ಕೆಲಸ ಮಾಡಿ ಬಂದವರು. 'ಬಲಕಿವಿ ಬರ್ಮಾದಲ್ಲಿ ಬುಟ್ಟು ಬಂದೆ' ಎನ್ನುತ್ತಿದ್ದರು. ಆ ಕಿವಿಯನ್ನು ಅವರು ಬಳಸಿಕೊಳ್ಳುತ್ತಿದ್ದ ರೀತಿಯೇ ಬೇರೆ. ಚುನಾವಣೆಯ ಭಾಷಣಗಳಿಗೆ ಮೈಕು ಹಾಕಿದಾಗ ವೇದಿಕೆಯ ಎಡಗಡೆ ಕೂರುತ್ತಿದ್ದರು, ಕೇಳದ ಕಿವಿ ಭಾಷಣದ ಕಡೆಗೆ. ಹಾಡಿದ್ದರೆ ವೇದಿಕೆಯ ಬಲಗಡೆ.

ಮೈಕು ಪರೀಕ್ಷಿಸುವಾಗ ಎಲ್ಲರ ಹಾಗೆ 'ಹಲೋ, ಒನ್ ಟೂ ತ್ರೀ' ಎಂದದ್ದು ನಾನು ಕೇಳಿಲ್ಲ. ಅವರು ಹಿಂದಿನ ದಿನದ ಮಳೆ ಹೇಳುತ್ತಿದ್ದರು. 'ಹಲೋ... ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟ್ಸ್... ಹಲೋ.' ಮದುಮಗಳು ಮಂಟಪಕ್ಕೆ ಬರುವ ಮೊದಲು ಊರಿನವರೆಲ್ಲ ತಮ್ಮ ತಮ್ಮ ತೋಟದ ಮಳೆಯ ಲೆಕ್ಕದೊಡನೆ ಅದನ್ನು ತಾಳೆ ನೋಡುತ್ತಿದ್ದರು. ಬೇಸಿಗೆಯಲ್ಲಾದರೆ ಒಂದೇ ಮಾತು: 'ಹಲೋ... ಮಳೆ ಇಲ್ಲೆ... ಹಲೋ.'

ಇನ್ನೊಂದು ಅಭ್ಯಾಸ. ಸಭೆಯ ಕೊನೆಗೆ ವಂದನಾರ್ಪಣೆ ಮಾಡುವವರು ಅಡುಗೆಯವರಿಂದ ಹಿಡಿದು ಎಲ್ಲರನ್ನೂ ನೆನೆದು, 'ಹಾಗೆಯೇ ಧ್ವನಿವರ್ಧಕದ ವ್ಯವಸ್ಥೆ ಮಾಡಿದ ಶ್ರೀ...' ಎನ್ನುವ ಹೊತ್ತಿಗೆ ಸರಿಯಾಗಿ ಮೈಕು ಸತ್ತುಹೋಗುತ್ತಿತ್ತು. ಹೇಳುವವರ ಬಾಯಿ ಆಡುತ್ತಿತ್ತು, ಸದ್ದಿಲ್ಲ. ಆ ಹೆಸರೊಂದು ಕಳೆದ ಮೇಲೆ ಮೈಕು ಮತ್ತೆ ಬದುಕುತ್ತಿತ್ತು. ಮೊದಲ ಎರಡು ಸಲ ನಾನು ತಂತಿಯ ದೋಷ ಎಂದುಕೊಂಡೆ. ಮೂರನೆಯ ಸಲ ಅವರ ಬೆರಳು ನೋಡಿದೆ, ಸ್ವಿಚ್ಚಿನ ಮೇಲಿತ್ತು.

'ಯಾಕಣ್ಣ ಹೀಗೆ?'

'ನನ್ನ ಸೆಟ್‌ಲಿ ನನ್ನ ಹೆಸ್ರು ನಾನೇ ಕೇಳುದಾ? ನಾಚಿಕೆ ಆದೆ, ತಮ್ಮಾ.'

ನಾನು ಆಗ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ, ಕೆಲಸಕ್ಕೆ ಅರ್ಜಿಗಳನ್ನು ಹಾಕುತ್ತ ಊರಿನಲ್ಲಿದ್ದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷಗಳಾಗಿದ್ದಿರಬೇಕು. 'ಇರಬೇಕು' ಎಂದೇ ಬರೆಯುತ್ತೇನೆ. ಓದು ನನಗೆ ಕಲಿಸಿದ್ದು ಅದೊಂದನ್ನೇ: ಇನ್ನೊಬ್ಬರ ಮಾತನ್ನು ನಂಬುವ ಮುನ್ನ ಸಾಕ್ಷಿ ಕೇಳು, ನಿನ್ನ ನೆನಪನ್ನು ನಂಬುವ ಮುನ್ನ ಎರಡು ಸಾಕ್ಷಿ ಕೇಳು. ಎಲ್ಲಿಯೂ ಅರ್ಧ ಗಂಟೆ ಕೂರಲಾಗದ ನಾನು ದಿನವೂ ಆ ಅಂಗಡಿಯ ಮರದ ಪೆಟ್ಟಿಗೆಯ ಮೇಲೆ ಕೂತು ದೇವರಿಲ್ಲ, ಭೂತವಿಲ್ಲ, ಜಾತಕ ಸುಳ್ಳು ಎಂದು ವಾದ ಮಾಡುತ್ತಿದ್ದೆ. ಅವರು ಬೆಸುಗೆ ಹಾಕುತ್ತ ಕೇಳುತ್ತಿದ್ದರು. ನಾನು ಕೂರುತ್ತಿದ್ದುದು ಅವರ ಬಲಗಡೆ ಎಂಬುದು ಗಮನಕ್ಕೆ ಬರಲು ಒಂದು ತಿಂಗಳು ಬೇಕಾಯಿತು.

ಒಂದು ಬೆಳಿಗ್ಗೆ ಅವರು ಬೆಸುಗೆಯ ಕಡ್ಡಿ ಕೆಳಗಿಟ್ಟು ಪೆಟ್ಟಿಗೆಯನ್ನು ತಾವೇ ಎಳೆದು ಎಡಗಡೆಗೆ ಹಾಕಿದರು. 'ಇಲ್ಲಿ ಕೂರು. ಇವತ್ತು ನಾ ಮಾತಾಡ್ದು.'

ಹಿಂದಿನ ದಿನ ಅವರು ಪ್ಲಾಂಟರುಗಳ ಕ್ಲಬ್ಬಿಗೆ ಮೈಕ್ ರಿಪೇರಿಗೆ ಹೋಗಿದ್ದರಂತೆ. ಬೆಂಗಳೂರಿನಿಂದ ನಾಲ್ಕು ಹುಡುಗರು ಬಂದಿದ್ದರಂತೆ, ತಲೆತುಂಬ ಕೂದಲು, ಕಾಲಿಗೆ ಅಂಟಿದ ಪ್ಯಾಂಟು. ಗಿಟಾರಿಗೆ ತಂತಿ, ತಂತಿಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕರೆಂಟಿಗೆ. ರಿಪೇರಿ ಮುಗಿದ ಮೇಲೆ ಅವರನ್ನು ಅಡುಗೆಮನೆಯ ಜಗಲಿಯಲ್ಲಿ ನಿಲ್ಲಿಸಿದರಂತೆ, ಮತ್ತೆ ಕೆಟ್ಟರೆ ಕರೆಯಲು. ಒಳಗೆ ಸಾಹೇಬರುಗಳು ಕುಣಿಯುತ್ತಿದ್ದರು. ಜಗಲಿಯಲ್ಲಿ ಇವರು, ಅಡುಗೆಯವನು, ಪಾತ್ರೆ ತೊಳೆಯುವ ಹೆಂಗಸು.

'ತಮ್ಮಾ, ಇಷ್ಟು ವರ್ಷ ನಾನು ಸದ್ದನ್ನ ದೊಡ್ದು ಮಾಡ್ತಿದ್ದೆ, ಅಷ್ಟೆ. ಆ ಹುಡ್ಗರು ಕರೆಂಟನ್ನೇ ಹಾಡ್ಸಿದೊ. ಎದೆಯೊಳಗೆ ಯಾರೋ ಬಾಗ್ಲು ಬಡ್ದಂಗೆ ಆತ್. ಪಾತ್ರೆ ತೊಳೆಯುವವಳು ಸೌಟು ಹಿಡ್ಕೊಂಡೇ ಕುಣ್ದ್ಲು. ನಂಗೆ ಅನ್ಸಿತ್, ಇದು ಅಡುಗೆಮನೆ ಜಗಲೀಲಿ ಕೇಳುವ ಪಾಟಲ್ಲ. ನಮ್ಮ ಗದ್ದೇಲಿ ಕೇಳ್ಕು.'

ಪಾಟು ಎಂದರೆ ನಮ್ಮಲ್ಲಿ ಹಾಡು. ಕೇಳಬೇಕು ಎಂದು ಅನಿಸಿದರೆ ಸಾಲದೆಂದು ಹುಡುಗರನ್ನು ಮಾತಾಡಿಸಿಯೂ ಬಂದಿದ್ದರು. ಅವರು ಭಾನುವಾರ ಮೈಸೂರಿಗೆ ವ್ಯಾನಿನಲ್ಲಿ ಹೊರಡುವವರು. ಹೋಗುವ ಮುನ್ನ ಮಧ್ಯಾಹ್ನ ಮೂರಕ್ಕೆ ನಮ್ಮ ಗದ್ದೆಯಲ್ಲಿ ಬಾರಿಸಬೇಕು, ಐದಕ್ಕೆ ಬಿಟ್ಟುಬಿಡುತ್ತೇನೆ ಎಂದು ಒಪ್ಪಿಸಿದ್ದರು. ಹುಡುಗರು ಕೇಳಿದ್ದು ಒಂದೇ ಪ್ರಶ್ನೆ: ಜನ ಬರುತ್ತಾರೆಯೇ? ಖಾಲಿ ಗದ್ದೆಗೆ ಬಾರಿಸಲು ನಮ್ಮಿಂದಾಗದು. ಮೈಕಣ್ಣ ಎದೆ ಮುಟ್ಟಿಕೊಂಡು, 'ಇಡೀ ಊರು ಬಾದೆ, ನನ್ನ ಮಾತು' ಎಂದಿದ್ದರು. ಅವರು ಮಾತು ಕೊಡುವುದು ಅಪರೂಪ. ಮೈಕು ಬೆಳಿಗ್ಗೆ ಏಳಕ್ಕೆ ಬರುತ್ತದೆಯೇ ಎಂದರೆ, 'ನೋಡುವೊ' ಎನ್ನುವವರು ಆರೂವರೆಗೇ ಬಂದು ನಿಲ್ಲುತ್ತಿದ್ದರು.

ಮುಂದಿನ ಮೂರು ದಿನ ಜೀಪಿಗೆ ಹಾರ್ನ್ ಕಟ್ಟಿಕೊಂಡು ಊರೂರು ಸುತ್ತಿದರು. 'ಭಾನುವಾರ ಮೂರು ಗಂಟೆಗೆ, ಕೆಳಗಿನ ಗದ್ದೆಯಲ್ಲಿ, ಬೆಂಗಳೂರಿನ ವಿದ್ಯುತ್ ಸಂಗೀತ! ಎಲ್ಲರೂ ಬನ್ನಿ, ಎಲ್ಲರಿಗೂ ಉಚಿತ!' ವಿದ್ಯುತ್ ಸಂಗೀತ ಎಂಬ ಪದ ನನ್ನದು. ಒಂದೆರಡು ಕಡೆ ನಾನೂ ಕೂಗಿದೆ.

ಭಾನುವಾರ ಎರಡು ಗಂಟೆಗೇ ಎಲ್ಲ ಸಿದ್ಧವಾಗಿತ್ತು. ಪುತ್ತರಿಯ ಸುಗ್ಗಿಹಬ್ಬ ಕಳೆದು, ಕೊಯ್ಲು ಮುಗಿದು, ಗದ್ದೆ ಒಣಗಿ ಗಟ್ಟಿಯಾಗಿತ್ತು. ನಮ್ಮ ಗದ್ದೆಬಯಲು ಬೋಗುಣಿಯ ಹಾಗೆ. ಮೂರೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ಏರಿ ತೋಟಕ್ಕೆ ಮುಟ್ಟುತ್ತದೆ. ಆಮೇಲೆ ನಾನು ದೊಡ್ಡ ಊರುಗಳಲ್ಲಿ ಸಿಮೆಂಟಿನ ಗ್ಯಾಲರಿ ಇರುವ ಕ್ರೀಡಾಂಗಣಗಳನ್ನು ನೋಡಿದ್ದೇನೆ. ಅವುಗಳನ್ನು ಕಟ್ಟಿದವರು ನಮ್ಮ ಗದ್ದೆಯನ್ನು ನೋಡಿಯೇ ಕಟ್ಟಿರಬೇಕು ಎಂದು ಮೈಕಣ್ಣ ವಾದಿಸುತ್ತಿದ್ದರು. ಪಕ್ಕದ ಎಸ್ಟೇಟಿನಲ್ಲಿ ಕಾಫಿಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಮನೆಯಿಂದ ಡೀಸೆಲ್ ಜನರೇಟರು ತರಿಸಿದ್ದರು. ಬಯಲಿನ ಎರಡೂ ತುದಿಯ ಮರಗಳಿಗೆ ಹಾರ್ನುಗಳನ್ನು, ಬಾಯಿ ಮನೆಗಳ ಕಡೆ ಮಾಡಿ, ಕಟ್ಟಿದ್ದರು. ಅಲ್ಲಿಂದ ನಾವು ನಿಂತಲ್ಲಿಗೆ ಸದ್ದು ಬರುತ್ತಿರಲಿಲ್ಲ. ಜನರೇಟರು ಪಕ್ಕದಲ್ಲೇ ಡಬಡಬ ಎನ್ನುತ್ತಿತ್ತು. ಒಂದು ಕೋವಿಯೂ ಇತ್ತು, ಜೋಡಿ ನಳಿಗೆಯದು. ಪುತ್ತರಿಯ ದಿನ ಕದಿರು ಕೊಯ್ಯುವಾಗ ಹೊಡೆಯುವ ಹಾಗೆ ಪಾಟು ಶುರುವಾಗುವಾಗ ಒಂದು ಗುಂಡು ಹೊಡೆಯಬೇಕೆಂದು ತಂದಿದ್ದರು.

'ಹಲೋ... ಮಳೆ ಇಲ್ಲೆ... ಹಲೋ' ಎಂದರು. ಮೂರು ಹೊಡೆಯಿತು. ಯಾರೂ ಬರಲಿಲ್ಲ.

ಮೂರೂವರೆಗೆ ಎರಡು ಹಸು ಬಂದವು. ಮೇಲೆ ಮನೆಗಳ ಜಗಲಿಗಳಲ್ಲಿ ಜನ ಕೂತಿದ್ದು ಕಾಣುತ್ತಿತ್ತು. ಎಲೆಯಡಿಕೆ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಇಳಿಯುವವರಿಲ್ಲ. ಹುಡುಗರು ಮೊದಲು ನಕ್ಕರು, ಆಮೇಲೆ ಸಿಗರೇಟು ಹಚ್ಚಿದರು, ನಾಲ್ಕಕ್ಕೆ ಗಿಟಾರನ್ನು ಚೀಲಕ್ಕೆ ಹಾಕತೊಡಗಿದರು. ಕೆಂಪು ಗಿಟಾರು. ನೀಲಿ ಎಂದು ಮೈಕಣ್ಣನ ಹೆಂಡತಿ ಹೇಳುತ್ತಾರೆ; ನಾನು ಹಟ ಹಿಡಿಯುವುದಿಲ್ಲ.

ಅವರ ಮುಖಂಡ, ಉದ್ದ ಮೂಗಿನ ಹುಡುಗ, ಹತ್ತಿರ ಬಂದ. 'ಅಂಕಲ್, ಬೇಜಾರ್ ಮಾಡ್ಕೋಬೇಡಿ. ಇಟ್ಸ್ ಆಲ್‌ರೈಟ್. ನೀವು ಟ್ರೈ ಮಾಡಿದ್ರಿ. ನಾವು ಹೊರಡ್ತೀವಿ.'

'ಹತ್ತು ನಿಮಿಷ ಮಗಾ. ಹತ್ತೇ ನಿಮಿಷ.'

ಅವನು ಬೈದಿದ್ದರೆ ಮೈಕಣ್ಣ ತಡೆದುಕೊಳ್ಳುತ್ತಿದ್ದರು. ಅವನು ಸಮಾಧಾನ ಹೇಳಿದ್ದು ಅವರನ್ನು ಕುಗ್ಗಿಸಿತು. ಹುಲ್ಲಿನ ಹೊರೆಯ ಪಕ್ಕ ಕುಸಿದು ಕೂತರು. ಹೊರೆಯ ಮೇಲೆ ಮೈಕು ಮಲಗಿತ್ತು. ಅದರ ಈಚೆಗೆ ನಾನು ಕೂತೆ. ಜನರೇಟರಿನ ಸದ್ದಿಗೆ ಕೂಗಿಯೇ ಮಾತಾಡಬೇಕಿತ್ತು.

'ಮಾತು ಕೊಟ್ಟಿದ್ದೆ, ತಮ್ಮಾ. ಮಾನ ಹೋತ್' ಎಂದರು.

ಈಗ ನಾನು ಬರೆಯುವುದನ್ನು ಹೇಳಿದೆನೋ, ಬರೀ ಅಂದುಕೊಂಡೆನೋ ಎಂದು ಇಷ್ಟು ವರ್ಷ ನನಗೆ ನಿಶ್ಚಯವಿರಲಿಲ್ಲ. ನನ್ನ ನೆನಪಿನಲ್ಲಿರುವುದು ಹೀಗೆ: 'ತಪ್ಪು ನಿಮ್ಮದೇ ಅಣ್ಣ. ಈ ಊರಲ್ಲಿ ಮೈಕಲ್ಲಿ ಕೂಗಿದರೆ ಅದು ಕರೆಯಾ? ಮನೆಗೆ ಬಂದು, ಜಗಲಿಯಲ್ಲಿ ಕೂತು, ಕಾಫಿ ಕುಡಿದು ಕರೆಯದಿದ್ದರೆ ಇಲ್ಲಿ ಯಾರೂ ಸ್ವರ್ಗಕ್ಕೂ ಹೋಗುವುದಿಲ್ಲ. ಕರೆಯದೆ ಬರುವುದು ಒಂದಕ್ಕೇ, ಸಾವಿಗೆ. ಹೊಡೆಯಿರಿ ಎರಡು ಗುಂಡು, ಐದು ನಿಮಿಷದಲ್ಲಿ ಗದ್ದೆ ತುಂಬುತ್ತದೆ.'

ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಒಂದರ ಬೆನ್ನಿಗೆ ಒಂದು, ಎರಡು. ಜೋಡಿ ಗುಂಡು ಕೇಳಿದವನು ಉಣ್ಣುತ್ತಿದ್ದ ಎಲೆ ಬಿಟ್ಟು, ಬಿಳಿ ಉಟ್ಟು, ಸದ್ದು ಬಂದ ಕಡೆಗೆ ಹೊರಡಬೇಕು. ಯಾರು ಎಂದು ಕೇಳುವುದು ಅಲ್ಲಿಗೆ ಹೋದ ಮೇಲೆ. ಇದನ್ನು ಯಾರೂ ತಮಾಷೆಗೆ ಎತ್ತುವುದಿಲ್ಲ. ಎತ್ತುವವನು ಎಂ.ಎ. ಓದಿದವನು ಮಾತ್ರ.

ಮೈಕಣ್ಣ ನನ್ನ ಮುಖ ನೋಡಿದರು. ನಾನು ಅವರ ಬಲಗಡೆ ಕೂತಿದ್ದೆ, ಕೇಳದ ಕಿವಿಯ ಕಡೆ. ಹಾಗಾಗಿ ಅವರಿಗೆ ಕೇಳಿಸಿರಲಾರದು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವರು ಎದ್ದರು. ಕೋವಿ ಎತ್ತಿ, ಆಕಾಶಕ್ಕೆ ಹಿಡಿದು, ಒಂದು ಗುಂಡು ಹೊಡೆದರು.

ಬೆಳ್ಳಕ್ಕಿಗಳು ಹಾರಿದವು. ಒಂದು ಗುಂಡಾದರೆ ಶುಭ. ಹುಡುಗರು ತಿರುಗಿ ನೋಡಿದರು. ಆಗ ಎರಡನೆಯದು ಹಾರಿತು.

ಅದರ ಸದ್ದು ಗುಡ್ಡಕ್ಕೆ ತಾಗಿ ಮರಳಿ ಬಂತು. ಜಗಲಿಗಳಲ್ಲಿ ಕೂತವರು ಎದ್ದರು, ಒಳಗೆ ಹೋದರು. ಜಗಲಿಗಳು ಖಾಲಿಯಾದವು. ಆಮೇಲೆ ಮೂರೂ ಕಡೆಯಿಂದ, ಏರಿಯ ಮೇಲೆ, ಕಾಫಿಗಿಡಗಳ ನಡುವೆ, ಬಿಳಿ ಬಿಳಿ ಚುಕ್ಕಿಗಳು ಇಳಿಯತೊಡಗಿದವು. ಹೆಗಲ ಮೇಲೆ ಟವಲು ಹಾಕಿದ ಗಂಡಸರು, ಬಿಳಿ ಸೀರೆಯ ಹೆಂಗಸರು. ಸಾವಿನ ಮನೆಗೆ ಡೋಲು ಬೇಕೆಂದು ವಾಲಗದವರು ವಾದ್ಯ ಹೊತ್ತುಕೊಂಡು ಬಂದರು. ಮೈಕಣ್ಣನ ಹೆಂಡತಿಯೂ ಬಂದರು. ಗಂಡ ನೆಟ್ಟಗೆ ನಿಂತದ್ದನ್ನು ನೋಡಿ ಸೊಂಟಕ್ಕೆ ಕೈಯಿಟ್ಟರು.

ಇಲ್ಲಿ ನನ್ನ ನೆನಪು ಒಂದು ತಪ್ಪು ಮಾಡುತ್ತದೆ. ಆ ಬಿಳಿ ಸೀರೆಗಳ ಮೇಲೆ, ಹೆಂಗಸರ ಮುಡಿಯಲ್ಲಿ, ಸೇವಂತಿಗೆ ಕಾಣುತ್ತದೆ. ಅವರ ಸೊಂಟದಲ್ಲಿ ಮಕ್ಕಳೂ ಕಾಣುತ್ತಾರೆ. ಸಾವಿಗೆ ಹೋಗುವಾಗ ಯಾರೂ ಹೂ ಮುಡಿಯುವುದಿಲ್ಲ, ಎಳೆಮಕ್ಕಳನ್ನು ಕರೆದೊಯ್ಯುವುದೂ ಇಲ್ಲ. ಯಾವುದೋ ಮದುವೆಯ ಹೂವನ್ನು ನನ್ನ ಮನಸ್ಸು ಆ ಮಧ್ಯಾಹ್ನಕ್ಕೆ ತಂದು ಅಂಟಿಸಿದೆ. ನೆನಪು ಹೇಗೆ ಕೆಟ್ಟುಹೋಗುತ್ತದೆ ಎಂಬುದಕ್ಕೆ ಮುಂದೆ ಕಾಲೇಜಿನಲ್ಲಿ ಪಾಠ ಮಾಡುವಾಗ ಇದನ್ನೇ ಉದಾಹರಣೆ ಕೊಡುತ್ತಿದ್ದೆ.

ಮುಂದೆ ಬಂದವರು ಊರಿನ ಹಿರಿಯರು, ಮೇಲಿನ ಕೊಡವ ಮನೆಯ ಅಜ್ಜ. ಎಂಬತ್ತು ದಾಟಿದ್ದರೂ ಕೋಲು ಹಿಡಿಯದೆ ಗದ್ದೆಯ ಏರಿ ಇಳಿದವರು. ಎಲ್ಲರೂ ನಿಂತರು. ಅಜ್ಜ ಮೈಕಣ್ಣನ ಎದುರು ನಿಂತು ಗಟ್ಟಿಯಾಗಿ ಕೇಳಿದರು:

'ಯಾರು ಹೋದ್ದು?'

ಮೈಕಣ್ಣ ಕೋವಿಯನ್ನು ಕೆಳಗಿಟ್ಟು ಕೈಮುಗಿದರು. 'ನಾನೇ ಅಜ್ಜ. ನನ್ನ ಮಾನ ಹೋದ್ದು.'

ಅಜ್ಜ ಸುತ್ತ ನೋಡಿದರು: ನಾಲ್ಕು ಹುಡುಗರು, ತಂತಿಗಳು, ಡ್ರಮ್ಮುಗಳು, ನಾನು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

'ಸಾವಿಲ್ಲದೆ ಜೋಡಿ ಗುಂಡು ಹೊಡೆದಿದ್ದಿ. ತಪ್ಪು.'

'ಒಪ್ಪಿದೆ. ಬೆರಳು ಜಾರಿತ್.'

'ಜಾರುವ ಬೆರಳಾ ಅದು? ಇರಲಿ. ನಾಳೆಯಿಂದ ಒಂದೊಂದು ಮನೆಗೂ ನಡೆದುಕೊಂಡು ಹೋಗಿ ತಪ್ಪಾಯ್ತು ಅಂತ ಹೇಳಬೇಕು. ಜೀಪಲ್ಲಿ ಅಲ್ಲ. ಮೈಕಲ್ಲಿ ಅಲ್ಲವೇ ಅಲ್ಲ.' ಅಜ್ಜ ಜನರ ಕಡೆ ತಿರುಗಿದರು. 'ನಾವು ಸಾವಿಗೆ ಅಂತ ಹೊರಟು ಆಯ್ತು. ಇನ್ನು ಮೀಯದೆ ಮನೆಯೊಳಗೆ ಹೋಗುವ ಹಾಗಿಲ್ಲ. ಹೇಗೂ ಮೀಯಲಿಕ್ಕುಂಟಲ್ಲ, ಅದೆಂತ ಪಾಟು ಅಂತ ಕೇಳಿಯೇ ಮೀಯುವ.'

ಅಷ್ಟು ಹೇಳಿ ಮೊದಲನೆಯ ಮೆಟ್ಟಿಲಿನ ಮೇಲೆ ಟವಲು ಹಾಸಿ ಕೂತರು. ಅವರ ಹಿಂದೆ ಊರು ಕೂತಿತು, ಮೆಟ್ಟಿಲ ಮೇಲೆ ಮೆಟ್ಟಿಲು, ಬೋಗುಣಿಯ ಅಂಚಿನವರೆಗೆ.

ಉದ್ದ ಮೂಗಿನ ಹುಡುಗ ಪಿಸುಗುಟ್ಟಿದ: 'ಅಂಕಲ್, ಎಲ್ಲಾರೂ ವೈಟ್ ಹಾಕ್ಕೊಂಡು ಬಂದಿದಾರೆ! ಯೂನಿಫಾರ್ಮಾ?'

'ಒಳ್ಳೆ ಸಂಗೀತಕ್ಕೆ ನಾವು ಹಂಗೇ ಬಾದು. ಹೊಡಿ ಮಗಾ' ಎಂದರು ಮೈಕಣ್ಣ.

ಮೊದಲ ತಂತಿ ಮೀಟಿದಾಗ ಆದದ್ದನ್ನು ಹೇಗೆ ಹೇಳಲಿ? ಸದ್ದು ಕಿವಿಗೆ ಬರುವ ಮೊದಲು ಕಾಲಿಗೆ ಬಂತು. ಒಣಗಿದ ಗದ್ದೆಯ ನೆಲ ಡೋಲಿನ ಚರ್ಮದ ಹಾಗೆ ನಡುಗಿತು. ಗಿಟಾರು ಒಂದು ಸಲ ಕೋವಿಯಾಗಿ, ಒಂದು ಸಲ ಕಾಡುಹಂದಿಯಾಗಿ, ಇನ್ನೊಂದು ಸಲ ದೂರದಲ್ಲಿ ಯಾರನ್ನೋ ಕರೆಯುವ ಹೆಂಗಸಾಗಿ ಕೂಗಿತು. ಊರಿನ ನಾಯಿಗಳೆಲ್ಲ ಒಂದಾಗಿ ಉತ್ತರ ಕೊಟ್ಟವು. ಡ್ರಮ್ಮಿನ ಹುಡುಗ ತೆಳ್ಳಗೆ ಕಡ್ಡಿಯ ಹಾಗಿದ್ದ. ಕೂತಲ್ಲೇ ನಾಲ್ಕು ಜನರ ಕೆಲಸ ಮಾಡುತ್ತಿದ್ದ. ಹಾಡಿನ ಮಾತು ಒಂದೂ ಅರ್ಥವಾಗಲಿಲ್ಲ. ಇಂಗ್ಲಿಷ್ ಓದಿದ ನನಗೂ ಆಗಲಿಲ್ಲ, ಆಯಿತೆಂದು ನಟಿಸಿದೆ.

ಎರಡು ಪಾಟು ಮುಗಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಬಿಳಿ ಉಟ್ಟು ಬಂದಿದ್ದಾರೆ. ಹೊಡೆಯಬಹುದೋ ಬಾರದೋ ಗೊತ್ತಿಲ್ಲ. ಎಲ್ಲರೂ ಅಜ್ಜನನ್ನು ನೋಡುತ್ತಿದ್ದರು. ಅಜ್ಜ ಕಣ್ಣು ಮುಚ್ಚಿದ್ದರು.

ಮೂರನೆಯ ಪಾಟಿನ ನಡುವೆ ಡ್ರಮ್ಮಿನ ಹುಡುಗ ಒಬ್ಬನೇ ಬಾರಿಸತೊಡಗಿದ. ಆಗ ವಾಲಗದವರಲ್ಲಿ ಹಿರಿಯ, ಡೋಲಿನವನು, ಎದ್ದುನಿಂತ. ಬಹಳ ಹೊತ್ತಿನಿಂದ ಅವನ ಬೆರಳು ಡೋಲಿನ ಅಂಚಿನಲ್ಲಿ ಚಡಪಡಿಸುತ್ತಿತ್ತು. ಕೋಲೆತ್ತಿ ಅಜ್ಜನ ಕಡೆ ನೋಡಿದ. ನಮ್ಮಲ್ಲಿ ಸಾವಿನ ಪೆಟ್ಟು ಬೇರೆ, ಮದುವೆಯ ಪೆಟ್ಟು ಬೇರೆ. ಯಾವುದನ್ನು ಹೊಡೆಯಲಿ ಎಂಬುದೇ ಅವನ ಪ್ರಶ್ನೆ.

ಅಜ್ಜ ಕಣ್ಣು ಬಿಡದೆಯೇ ಎರಡೂ ಕೈಗಳನ್ನು ಮೇಲೆತ್ತಿ ಮಣಿಕಟ್ಟು ತಿರುಗಿಸಿದರು, ಮದುವೆಯಲ್ಲಿ ವಾಲಗಕ್ಕೆ ಕುಣಿಯುವ ಹಾಗೆ.

ಡೋಲಿಗೆ ಪೆಟ್ಟು ಬಿತ್ತು. ಡ್ರಮ್ಮಿನ ಹುಡುಗ ಬೆಚ್ಚಿ ತಿರುಗಿ, ಒಂದು ಕ್ಷಣ ಕೇಳಿ, ಬಾಯಿತುಂಬ ನಕ್ಕು ಅದೇ ಲಯ ಹಿಡಿದ. ಡೋಲಿನವನು ಒಂದು ಪೆಟ್ಟು ಬದಲಿಸಿದ, ಹುಡುಗನೂ ಬದಲಿಸಿದ. ಗಿಟಾರು ಮೇಲೆ ಬಂದು ಸೇರಿತು. ಆಮೇಲೆ ಯಾರು ಕೂತಿದ್ದರೋ ನನಗೆ ಗೊತ್ತಿಲ್ಲ. ಗದ್ದೆ ತುಂಬ ಬಿಳಿ ಬಟ್ಟೆ, ಎತ್ತಿದ ಕೈಗಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಲೈನುಮನೆಯ ಕೂಲಿಯವರು, ಮಾಪಿಳ್ಳೆ ಅಂಗಡಿಯವನು, ಮೈಕಣ್ಣನ ಹೆಂಡತಿ. ಸಂಶಯವಾದಿಯಾದ ನಾನೂ ಕುಣಿದೆನಂತೆ. ಇದಕ್ಕೆ ಎರಡಲ್ಲ, ಹತ್ತಾರು ಸಾಕ್ಷಿಗಳಿರುವುದರಿಂದ ಒಪ್ಪಿಕೊಳ್ಳುತ್ತೇನೆ.

ಮೈಕಣ್ಣ ಕುಣಿಯಲಿಲ್ಲ. ಜನರೇಟರಿನ ಪಕ್ಕದಲ್ಲಿ ಒಂದು ಕೈ ಸ್ವಿಚ್ಚಿನ ಮೇಲಿಟ್ಟುಕೊಂಡು, ಕೇಳುವ ಕಿವಿಯನ್ನು ಪಾಟಿನ ಕಡೆ ಹಿಡಿದು ನಿಂತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಐದಕ್ಕೆ ಹೊರಡಬೇಕಾದ ಹುಡುಗರು ಸೂರ್ಯ ಮುಳುಗಿದ ಮೇಲೆ ಹೊರಟರು. ಉದ್ದ ಮೂಗಿನವನು ಧನ್ಯವಾದ ಹೇಳಲು ಮೈಕು ಹಿಡಿದು, 'ಥ್ಯಾಂಕ್ಯೂ ಟು ಮಿಸ್ಟರ್...' ಎಂದ. ಮೈಕು ಸತ್ತಿತು.

ಆ ಸಂಜೆ ಊರಿಗೆ ಊರೇ ಗದ್ದೆಯ ಪಕ್ಕ ಹರಿಯುವ ತೋಡಿನಲ್ಲಿ ಮಿಂದಿತು. ಮೀಯುವಾಗಲೂ ಕುಣಿಯುತ್ತಿದ್ದರು.

ಮಾರನೆಯ ದಿನದಿಂದ ಮೈಕಣ್ಣ ಮನೆಮನೆಗೆ ನಡೆದರು. ನಾನೂ ಬರುತ್ತೇನೆ ಎಂದೆ, ಬೇಡವೆಂದರು. ಹತ್ತು ಹನ್ನೆರಡು ದಿನ ಹಿಡಿಯಿತು, ಏಕೆಂದರೆ ಯಾವ ಮನೆಯವರೂ ತಪ್ಪೊಪ್ಪಿಗೆ ಕೇಳಿ ಹಾಗೆಯೇ ಕಳಿಸಲಿಲ್ಲ; ಕಾಫಿ ಕೊಟ್ಟರು, ಕಡುಬು ಕೊಟ್ಟರು, ಒಂದೆರಡು ಕಡೆ ಹಂದಿಸಾರು ಬಡಿಸಿದರು. ಶಿಕ್ಷೆ ಮುಗಿಯುವ ಹೊತ್ತಿಗೆ ಅವರ ಹೊಟ್ಟೆ ಬಂದಿತ್ತು.

ಆ ಹುಡುಗರು ಮತ್ತೆ ಬರಲಿಲ್ಲ. ನನಗೆ ಕಾಲೇಜಿನಲ್ಲಿ ಕೆಲಸವಾಯಿತು, ಊರೂರು ತಿರುಗಿದೆ. ರಜೆಗೆ ಬಂದಾಗಲೆಲ್ಲ ಅದೇ ಪೆಟ್ಟಿಗೆಯ ಮೇಲೆ ಕೂತು ಅದೇ ಪ್ರಶ್ನೆ ಕೇಳುತ್ತಿದ್ದೆ. 'ಅಣ್ಣ, ನಿಜ ಹೇಳಿ. ಎರಡನೆಯ ಗುಂಡು ಬೇಕೆಂದೇ ಹೊಡೆದದ್ದಲ್ಲವೇ? ಅವತ್ತು ನಾನು ಏನಾದರೂ ಹೇಳಿದ್ದೆನೇ?'

ಅವರು ನಿಧಾನವಾಗಿ ತಲೆ ತಿರುಗಿಸಿ ಬಲಕಿವಿಯನ್ನು ಮುಂದೆ ತರುತ್ತಿದ್ದರು. 'ಎಂತ? ಕೇಳ್ದುಲೆ.'

ನಾನು ನಿವೃತ್ತನಾಗಿ ಊರಿಗೆ ಬಂದು ಕೂತ ಮೇಲೆ, ಹೋದ ತಿಂಗಳು, ಬೆಳಗಿನ ಹೊತ್ತು ಕಾಫಿ ಕುಡಿಯುತ್ತಿದ್ದಾಗ ಕೆಳಗಿನ ಕಡೆಯಿಂದ ಒಂದು ಗುಂಡು ಕೇಳಿತು. ಅದರ ಬೆನ್ನಿಗೆ ಇನ್ನೊಂದು. ನಾಚಿಕೆಯ ವಿಷಯ, ನನ್ನ ಮೊದಲ ಭಾವನೆ ನಗು. ಆಮೇಲೆ ಲೋಟ ಕೆಳಗಿಟ್ಟೆ.

ಮೈಕಣ್ಣ ತೊಂಬತ್ತು ದಾಟಿದ್ದರು. ನಿದ್ದೆಯಲ್ಲೇ ಹೋಗಿದ್ದರು, ಎಡಕಿವಿ ಮೇಲಾಗಿ ಮಲಗಿ. ಅಂಗಳ ತುಂಬಿತ್ತು. ಕರೆದವರಾರೂ ಇಲ್ಲ, ಎಲ್ಲರೂ ಬಂದಿದ್ದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮನೆಮನೆಗೆ ಹೋಗಿ ಹೇಳುವ ಕೆಲಸ ನನಗಿರಲಿ ಎಂದು ಅವರ ಹೆಂಡತಿಯನ್ನು ಕೇಳಿಕೊಂಡೆ. ಅಂದು ಜತೆಗೆ ನಡೆಯದೆ ಬಾಕಿ ಉಳಿಸಿಕೊಂಡ ನಡಿಗೆ ಅದು ಎಂದು ನನ್ನ ಲೆಕ್ಕ. ಮೊದಲು ಹೋದದ್ದು ಅಜ್ಜನ ಮನೆಗೆ. ಅಜ್ಜ ಹೋಗಿ ಎಷ್ಟೋ ಕಾಲವಾಗಿದೆ. ಈಗ ಆ ಮನೆಗೆ ಅವರ ಸೊಸೆಯೇ ಹಿರಿಯರು. ಅಂದು ಹೊಸದಾಗಿ ಮದುವೆಯಾಗಿ ಬಂದವರು. ಕಾಫಿ ಕೊಟ್ಟರು. ನಾನು ಕರೆ ಹೇಳಿದೆ. ಆಮೇಲೆ, ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿಬಿಡೋಣ ಎಂದು, 'ಒಂದು ವಿಷಯ ಹೇಳಬೇಕು ಅಕ್ಕ. ಅವತ್ತು ಜೋಡಿ ಗುಂಡಿನ ಯೋಚನೆ ನನ್ನದೇ ಇರಬೇಕು. ಖಚಿತವಿಲ್ಲ' ಎಂದೆ.

ಅವರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ನಗು ನಿಲ್ಲಲು ಹೊತ್ತು ಬೇಕಾಯಿತು.

'ಅಷ್ಟು ಓದಿದವರು! ಮೈಕು ಆನ್ ಇತ್ತಲ್ಲ ಮಾರಾಯ್ರೆ!'

'ಏನು?'

'ಹುಲ್ಲಿನ ಮೇಲೆ ಇತ್ತಲ್ಲ, ಅದು. ನೀವಿಬ್ಬರು ಮಾತಾಡಿದ್ದೆಲ್ಲ ಇಲ್ಲಿ ಜಗಲಿಗೆ ಕೇಳ್ತಾ ಇತ್ತು. ಮಾನ ಹೋತ್ ಅಂತ ಅವರು ಹೇಳಿದ್ದು, ಸ್ವರ್ಗಕ್ಕೂ ಹೋಗುವುದಿಲ್ಲ ಅಂತ ನೀವು ನಮಗೆ ಬೈದದ್ದು. ಹೊಡೆಯಿರಿ ಎರಡು ಗುಂಡು ಅಂದದ್ದೂ. ಗುಡ್ಡದ ಆಚೆಯವರು ಮಾತ್ರ ನಿಜವಾದ ಸಾವು ಅಂತ ಬಂದದ್ದು. ನಮಗೆಲ್ಲ ಗೊತ್ತಿತ್ತು.'

'ಗೊತ್ತಿದ್ದೂ ಬಂದಿರಾ?'

'ಮಾವ ಎದ್ದು ನಿಂತು ಹೇಳಿದ್ರು, ಏಳಿ, ಬಿಳಿ ಉಡಿ. ಒಬ್ಬನ ಮಾನ ಸಾಯ್ತಾ ಉಂಟು, ಅದೂ ಸಾವೇ, ಅದಕ್ಕೂ ಕರೆ ಬೇಡ ಅಂತ. ನಾನು ಹೊಸ ಮದುಮಗಳು, ಪಾಟಿಗೆ ಹೋಗುದು ಅಂತ ಖುಷಿ. ಹೂ ಮುಡಿದೇ ಬಂದೆ. ನನ್ನ ನೋಡಿ ಉಳಿದವರೂ ಮುಡಿದ್ರು.'

ಸೇವಂತಿಗೆ. ನಾನು ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಮೂವತ್ತು ವರ್ಷ ತರಗತಿಯಲ್ಲಿ ಸುಳ್ಳು ನೆನಪೆಂದು ಪಾಠ ಮಾಡಿದ ಹೂವು ಅದು.

'ಇಷ್ಟು ವರ್ಷ ಯಾರೂ ನನಗೆ ಹೇಳಲಿಲ್ಲವಲ್ಲ ಅಕ್ಕ.'

'ಮೈಕಣ್ಣನೇ ಬೇಡ ಅಂದದ್ದು. ತಪ್ಪಾಯ್ತು ಅಂತ ಹೇಳಲಿಕ್ಕೆ ಬಂದಿದ್ರಲ್ಲ, ಇಲ್ಲಿ ಕೂತಿದ್ರು, ನೀವು ಕೂತಲ್ಲೇ. ತಪ್ಪು ನಂದು, ಗುಂಡು ನಂದು. ತಮ್ಮನ ಮಾತು ಕೇಳಿತ್ತು ಅಂತ ಅವನಿಗೆ ಹೇಳ್ಬೇಡಿ, ಓದಿದ ಹುಡ್ಗ, ನಾಚ್ಕೊಂಡು ಊರು ಬಿಡ್ತಾನೆ ಅಂದ್ರು. ಎಲ್ಲ ಮನೇಲೂ ಅದನ್ನೇ ಹೇಳಿ ಹೋದದ್ದು.'

ಮನೆಮನೆಗೆ ನಡೆದು ಅವರು ಕೇಳಿದ್ದು ಕ್ಷಮೆಯಷ್ಟನ್ನೇ ಅಲ್ಲ. ಇಡೀ ಊರು ಆ ಮಾತನ್ನು ಉಳಿಸಿಕೊಂಡಿತ್ತು.

'ಮೈಕು ಆರಿಸಲು ಮರೆತಿದ್ದರೇನೋ' ಎಂದೆ. ಸಂಶಯ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಅವರು ನನ್ನ ಲೋಟ ತೆಗೆದುಕೊಂಡರು. 'ಮೈಕಣ್ಣ ಮೈಕು ಆರಿಸಲು ಮರೆತದ್ದು ನೀವು ಇನ್ನು ಯಾವಾಗಾದ್ರೂ ನೋಡಿದ್ದೀರಾ?'

ನೋಡಿರಲಿಲ್ಲ.

ಹನ್ನೊಂದನೆಯ ದಿನ ಮೈಕಣ್ಣನ ಅಂಗಳದಲ್ಲಿ ಅವರದೇ ಹಳೆಯ ಸೆಟ್ಟು ಹಾಕಿದ್ದರು. ನಾನು ಆಂಪ್ಲಿಫೈಯರಿನ ಪಕ್ಕ ಪೆಟ್ಟಿಗೆಯ ಮೇಲೆ ಕೂತಿದ್ದೆ, ಎಡಗಡೆಗೆ. ಊಟಕ್ಕೆ ಮೊದಲು ಊರಿನ ಒಬ್ಬರು ಎರಡು ಮಾತಾಡಲು ನಿಂತರು. ಅವರ ಸೇವೆ, ಅವರ ಸರಳತೆ ಎಲ್ಲವನ್ನೂ ಹೇಳಿ, ಗಂಟಲು ಸರಿಮಾಡಿಕೊಂಡು, 'ನಮ್ಮನ್ನು ಅಗಲಿದ ಶ್ರೀ...' ಎಂದರು.

ನಾನು ಸ್ವಿಚ್ಚು ಒತ್ತಿದೆ. ಅವರ ಬಾಯಿ ಆಡಿತು, ಸದ್ದಿಲ್ಲ. ಬಿಳಿ ಉಟ್ಟವರ ಇಡೀ ಅಂಗಳ ನಕ್ಕುಬಿಟ್ಟಿತು. ಎಲ್ಲರಿಗಿಂತ ಮೊದಲು ನಕ್ಕವರು ಮೈಕಣ್ಣನ ಹೆಂಡತಿ.